ಬ್ಯಾಂಡ್ ಟೂರಿಗೆ ಶಿರಸಿಯ ಮಿನಿ ಬಸ್: ನಿಂತಾಗ ಹೇಗಿರುತ್ತೆ ಅನ್ನೋದೇ ಮುಖ್ಯ

ಬ್ಯಾಂಡ್ ಟೂರಿಗೆ ಬಸ್ ಗೊತ್ತುಮಾಡುವವರು ಕೇಳುವ ಪ್ರಶ್ನೆ ಎರಡೇ. ಎಷ್ಟು ಸೀಟು, ಕಿಲೋಮೀಟರಿಗೆ ಎಷ್ಟು. ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಶೋ ಮಾಡುವವರು ಇನ್ನೊಂದು ಪ್ರಶ್ನೆ ಮೊದಲು ಕೇಳಬೇಕು: ಗಾಡಿ ನಿಂತಾಗ ಒಳಗೆ ಇರಲಿಕ್ಕೆ ಆಗುತ್ತಾ?

ಯಾಕೆಂದರೆ ಇಲ್ಲಿ ಊರುಗಳು ಹತ್ತಿರ ಹತ್ತಿರ. ಹೊನ್ನಾವರದಿಂದ ಕುಮಟಾ 20 ಕಿಲೋಮೀಟರ್ ಆಸುಪಾಸು. ಅಂಕೋಲಾದಿಂದ ಕಾರವಾರ 35 ಹತ್ತಿರ. ಹೆದ್ದಾರಿ 66ರಲ್ಲಿ ಒಂದು ಗಂಟೆಯೊಳಗೆ ಮುಗಿಯುವ ದಾರಿ. ಉಳಿದ ಹೊತ್ತೆಲ್ಲ ಬಸ್ಸು ಯಾವುದೋ ಮೈದಾನದ ಅಂಚಿನಲ್ಲಿ, ಗಾಳಿಮರದ ಕೆಳಗೆ ನಿಂತಿರುತ್ತದೆ. ಒಳಗೆ ನಾವಿರುತ್ತೇವೆ.

ಈ ಏಪ್ರಿಲ್ ಕೊನೆಯಲ್ಲಿ ನಮ್ಮ ಬ್ಯಾಂಡ್ ಭಟ್ಕಳ ಕಡೆಯಿಂದ ಕಾರವಾರದವರೆಗೆ ಶೋ ಮಾಡುತ್ತಾ ಹೋಯಿತು. ನಾನು ಬೇಸ್ ಗಿಟಾರ್ ನುಡಿಸುತ್ತೇನೆ, ಲೆಕ್ಕಪತ್ರವನ್ನೂ ನಾನೇ ನೋಡುತ್ತೇನೆ. ಬಸ್ಸು ಶಿರಸಿಯದು, 21 ಸೀಟಿನ ಮಿನಿ ಬಸ್. ಮಾಲೀಕರ ಹತ್ತಿರ ಇರುವುದು ಇದೊಂದೇ ಗಾಡಿ. ಮದುವೆ ಸೀಸನ್ನಿನಲ್ಲಿ ಈಗಲೇ ಫೋನ್ ಬಿಡುವು ಕೊಡುವುದಿಲ್ಲ, ಹೆಸರು ಹಾಕಬೇಡಿ ಎಂದು ಕೇಳಿಕೊಂಡರು. ಅವರ ಮಾತಿಗೆ ಬೆಲೆ ಕೊಟ್ಟು ಹೆಸರಿಲ್ಲದೆ ಬರೆಯುತ್ತಿದ್ದೇನೆ. ಬ್ಯಾಂಡ್ ಇರಲಿ, ನಾಟಕ ತಂಡ ಇರಲಿ, ಗಾಡಿ ಆರಿಸುವಾಗ ಏನು ನೋಡಬೇಕು ಅನ್ನುವುದಕ್ಕೆ ಇದು ಉಪಯೋಗಕ್ಕೆ ಬಂದೀತು.

ಮೊದಲು ನಮ್ಮ ದಿನ ಹೇಗಿರುತ್ತೆ ಅಂತ ಹೇಳಬೇಕು. ಸೌಂಡ್ ಚೆಕ್ ಮಧ್ಯಾಹ್ನ ಎರಡಕ್ಕೆ ಅಂದಿರುತ್ತಾರೆ. ನಾವು ಒಂದೂವರೆಗೇ ಹೋಗಿರುತ್ತೇವೆ. ಆಗ ಅಲ್ಲಿ ಶಾಮಿಯಾನದವರು ಕಂಬ ನೆಡುತ್ತಿರುತ್ತಾರೆ, ಜನರೇಟರ್ ಇನ್ನೂ ಬಂದಿರುವುದಿಲ್ಲ. ಚೆಕ್ ಶುರುವಾಗುವಾಗ ನಾಲ್ಕೂವರೆ. ಸಂಜೆ ಮಕ್ಕಳ ಡ್ಯಾನ್ಸು, ಆಮೇಲೆ ಸಭಾ ಕಾರ್ಯಕ್ರಮ, ಸನ್ಮಾನ, ಭಾಷಣ. ಎಂಟಕ್ಕೆ ಅಂದಿದ್ದ ನಮ್ಮ ಸರದಿ ಎಂಟೂಮುಕ್ಕಾಲಕ್ಕೆ ಬರುತ್ತದೆ. ಹತ್ತು ಗಂಟೆಗೆ ನಿಲ್ಲಿಸಲೇಬೇಕು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ, ಉತ್ಸವಗಳಿಗೆ ಸರ್ಕಾರ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರಬಾರದು. ಹಾಗಾಗಿ ವೇದಿಕೆ ಮೇಲೆ ನಾವು ಇರುವುದು ಒಂದೂಕಾಲು ಗಂಟೆ. ಅದಕ್ಕೆ ಮುಂಚಿನ ಆರೇಳು ಗಂಟೆ ಬಸ್ಸೇ ನಮಗೆ ಮನೆ, ಬಸ್ಸೇ ಚೌಕಿ, ಅಂದರೆ ಯಕ್ಷಗಾನದವರು ವೇಷ ಕಟ್ಟುವ ಜಾಗ. ಅಲ್ಲೇ ಬಟ್ಟೆ ಬದಲಿಸುವುದು, ಅಲ್ಲೇ ತಂತಿ ಬದಲಿಸುವುದು, ಅಲ್ಲೇ ಜಗಳ, ಅಲ್ಲೇ ನಿದ್ದೆ.

ಈ ಬಸ್ಸು ನನಗೆ ಇಷ್ಟವಾದದ್ದು ಅಲ್ಲಿ.

ಕಿಟಕಿಗಳಿಗೆಲ್ಲ ಸೊಳ್ಳೆ ಪರದೆ ಇದೆ. ಕಂಪನಿಯಿಂದ ಬಂದದ್ದಲ್ಲ, ಮಾಲೀಕರೇ ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ ಕೂರಿಸಿದ್ದಾರೆ. ಒಂದೊಂದನ್ನೂ ಕೈಯಲ್ಲಿ ಎತ್ತಿ ತೆಗೆಯಬಹುದು. ಸಂಜೆ ಆರಾದ ಮೇಲೆ ಸಮುದ್ರದ ದಂಡೆಯಲ್ಲಿ ಕಿಟಕಿ ತೆರೆದಿಟ್ಟು ಕೂತವರಿಗೆ ಇದರ ಬೆಲೆ ಗೊತ್ತು. ಎಂಜಿನ್ ಬಂದ್ ಮಾಡಿ, ಎಸಿ ಇಲ್ಲದೆ, ಗಾಳಿ ಆಡಿಸಿಕೊಂಡು ಕೂರಬಹುದು. ನಿಂತ ಬಸ್ಸಿನಲ್ಲಿ ಎಸಿಗೋಸ್ಕರ ಎಂಜಿನ್ ಓಡಿಸುತ್ತಾ ಕೂತರೆ ಡೀಸೆಲ್ ಖರ್ಚು ಒಂದು ಕಡೆ, ಹೊಗೆ ಇನ್ನೊಂದು ಕಡೆ. ಪಕ್ಕದಲ್ಲಿ ಅಂಗಡಿ ಹಾಕಿಕೊಂಡವರಿಗೂ ಅದು ತೊಂದರೆ.

ಕಿಟಕಿಗೆ ಬಟ್ಟೆಯ ಪರದೆಯೂ ಬೇರೆ ಇದೆ, ದಪ್ಪದ್ದು, ಕೆಳಗೂ ಮೇಲೂ ಕಂಬಿ ಇದೆ. ಗಾಳಿಗೆ ಹಾರುವುದಿಲ್ಲ. ಡ್ರೈವರ್ ಕ್ಯಾಬಿನ್ನಿಗೂ ಹಿಂದಕ್ಕೂ ನಡುವೆ ಇನ್ನೊಂದು ಪರದೆ. ಬ್ಯಾಂಡಿನಲ್ಲಿ ನಾವು ಇಬ್ಬರು ಹೆಣ್ಣುಮಕ್ಕಳು. ಹಿಂದಿನ ಸಲ ಬೇರೆ ಒಂದು ಗಾಡಿಯಲ್ಲಿ ಬಟ್ಟೆ ಬದಲಿಸಲು ಒಬ್ಬಳು ಬೆಡ್‌ಶೀಟ್ ಹಿಡಿದು ನಿಲ್ಲಬೇಕಿತ್ತು. ಹೊರಗೆ ಹುಡುಗರು ಇಣುಕುತ್ತಿದ್ದರು. ಇಲ್ಲಿ ಆ ಕಷ್ಟ ಇರಲಿಲ್ಲ. ಇದು ಸಣ್ಣ ವಿಷಯ ಅಂತ ಗಂಡಸರು ಅಂದುಕೊಳ್ಳಬಹುದು. ಹಾಡುವ ಹುಡುಗಿ ಬೆವರು ಒರೆಸಿಕೊಂಡು, ಸಮಾಧಾನದಲ್ಲಿ ಬಟ್ಟೆ ಹಾಕಿಕೊಂಡು ವೇದಿಕೆಗೆ ಹೋದರೆ ಅದು ದನಿಯಲ್ಲೇ ಗೊತ್ತಾಗುತ್ತದೆ.

ಇನ್ನು ಸಾಮಾನು. ನಾವು ಎಂಟು ಜನ, ಹಾಗಾಗಿ ಹಿಂದಿನ ಎರಡು ಸಾಲು ಸೀಟು ಬಿಚ್ಚಿಸಿದ್ದೆವು. ಡ್ರಮ್ ಸೆಟ್, ಅದರ ಸ್ಟ್ಯಾಂಡುಗಳ ಚೀಲ, ಕೀಬೋರ್ಡ್, ಗಿಟಾರ್ ಆಂಪ್ (ದನಿ ಹೆಚ್ಚಿಸುವ ಪೆಟ್ಟಿಗೆ), ನನ್ನ ಬೇಸ್ ಆಂಪ್, ಕೇಬಲ್ ಪೆಟ್ಟಿಗೆ, ಎಲ್ಲ ಅಲ್ಲಿ ಹೋಗಬೇಕು. ಮೊದಲ ದಿನ ನಾವು ಅಭ್ಯಾಸದಂತೆ ಹಿಂದಿನ ಬಾಗಿಲಿನ ಹತ್ತಿರವೇ ಆಂಪ್ ಇಟ್ಟೆವು. ಇಳಿಸಲು ಸುಲಭ ಅಂತ. ಡ್ರೈವರ್ ಅಣ್ಣ ಬಂದು ನೋಡಿದರು.

"ತಂಗಿ, ಈ ಭಾರದ್ದು ಇಲ್ಲಿ ಬೇಡ. ಮುಂದೆ ತಗೊಳ್ಳಿ."

"ಯಾಕಣ್ಣಾ, ಕಡೆಗೆ ಇಳಿಸುವಾಗ ಮೊದಲು ಇದೇ ಬೇಕಲ್ವಾ?"

"ಇಳಿಸೋದು ಆಮೇಲೆ. ಘಟ್ಟ ಇಳಿಬೇಕು, ವಾಪಸ್ ಹತ್ತಬೇಕು. ಹಿಂದಿನ ಚಕ್ರದ ಆಚೆ ಭಾರ ಹಾಕಿದ್ರೆ ಮುಂದಿನ ಚಕ್ರ ಹಗುರ ಆಗ್ತದೆ. ತಿರುವಲ್ಲಿ ಸ್ಟೇರಿಂಗ್ ನನ್ನ ಮಾತು ಕೇಳೋದಿಲ್ಲ."

ಮಿನಿ ಬಸ್ಸುಗಳಲ್ಲಿ ಹಿಂದಿನ ಅಚ್ಚಿನಿಂದ ಆಚೆಗೆ ಬಸ್ಸು ಉದ್ದಕ್ಕೆ ಚಾಚಿರುತ್ತದೆ. ಅಲ್ಲಿ ಭಾರ ಕೂತರೆ ಅಚ್ಚಿನ ಮೇಲೆ ಬಸ್ಸು ಹಿಂದಕ್ಕೆ ತೂಗುತ್ತದೆ. ಅಣ್ಣ ಆಂಪುಗಳನ್ನು ಸೀಟಿನ ಬೆನ್ನಿಗೆ ಒತ್ತಿ, ನೆಲಕ್ಕೆ ತಾಗಿಸಿ ಇಡಿಸಿದರು. ಸ್ಟ್ಯಾಂಡಿನ ಚೀಲ ಅದರ ಪಕ್ಕ. ಹಗುರವಾದ ಡ್ರಮ್ಮುಗಳು ಹಿಂದೆ. ಆಮೇಲೆ ಅಡ್ಡಡ್ಡ ಎರಡು ಸುತ್ತು ಹಗ್ಗ ಹಾಕಿ, ಗಂಟು ಹಾಕುವ ಮುಂಚೆ ಒಂದು ಕಾಲು ಆಂಪಿಗೆ ಒತ್ತಿ ಎಳೆದರು. ಹಗ್ಗ ತಾಗುವ ಮೂಲೆಗಳಿಗೆಲ್ಲ ಹಳೆಯ ಟ್ಯೂಬಿನ ತುಂಡು. ದೇವಿಮನೆ ಘಟ್ಟ ಇಳಿದು ಕುಮಟಾದಲ್ಲಿ ಬಾಗಿಲು ತೆರೆದಾಗ ಒಂದು ಚೀಲವೂ ಜಾಗ ಬಿಟ್ಟು ಕದಲಿರಲಿಲ್ಲ.

ಇದೆಲ್ಲ ಎಲ್ಲಿ ಕಲಿತಿರಿ ಅಂದೆ. ಮುಂಚೆ ಯಕ್ಷಗಾನ ಮೇಳದ ಗಾಡಿ ಓಡಿಸುತ್ತಿದ್ದರಂತೆ. ವೇಷದ ಪೆಟ್ಟಿಗೆ, ಚಂಡೆ, ಮದ್ದಳೆ ಹೊತ್ತು ಊರಿಂದ ಊರಿಗೆ ಹೋಗುವುದು, ರಾತ್ರಿಯೆಲ್ಲ ಆಟ, ಹಗಲು ನಿದ್ದೆ. ಟೂರ್ ಬಸ್ಸಿನ ಬದುಕು ವಿದೇಶಿ ರಾಕ್ ಬ್ಯಾಂಡುಗಳಿಂದ ಬಂದದ್ದು ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ನಮ್ಮ ಜಿಲ್ಲೆಯಲ್ಲೇ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ್ದು 1934ರಲ್ಲಿ. ರಾಕ್ ಸಂಗೀತ ಹುಟ್ಟುವುದಕ್ಕೆ ಇನ್ನೂ ವರ್ಷಗಳಿದ್ದವು. ತಂಡ ಕಟ್ಟಿಕೊಂಡು, ಸಾಮಾನು ಹೊತ್ತು, ನಿದ್ದೆಗೆಟ್ಟು ಊರೂರು ತಿರುಗುವ ವಿದ್ಯೆ ಇಲ್ಲಿಯ ಜನರಿಗೆ ಹೊಸದಲ್ಲ. ನಾವು ಅವರನ್ನು ಕೇಳುವುದಿಲ್ಲ, ಅಷ್ಟೇ.

ಅಣ್ಣ ತಾವಾಗಿಯೇ ಮಾಡುತ್ತಿದ್ದ ಇನ್ನೊಂದು ಕೆಲಸ ನನಗೆ ತುಂಬಾ ಹಿಡಿಸಿತು. ಊರು ತಲುಪಲು ಇಪ್ಪತ್ತು ನಿಮಿಷ ಇದೆ ಅನ್ನುವಾಗ ಎಸಿ ಬಂದ್ ಮಾಡಿ ಕಿಟಕಿ ತೆರೆಯಲು ಹೇಳುತ್ತಿದ್ದರು. ಮೊದಲ ಸಲ ಎಲ್ಲರೂ ಗೊಣಗಿದರು, ಸೆಖೆ ಜಾಸ್ತಿ ಇತ್ತು. ಆದರೆ ಕಾರಣ ಇದೆ. ತಣ್ಣಗಿನ ಬಸ್ಸಿನಿಂದ ಕರಾವಳಿಯ ಹಸಿ ಗಾಳಿಗೆ ಸಾಮಾನು ನೇರ ಇಳಿಸಿದರೆ ಲೋಹದ ಮೇಲೆಲ್ಲ ನೀರಿನ ಪಸೆ ಕೂರುತ್ತದೆ. ಮೈಕಿನ ಜಾಲರಿ, ಸಿಂಬಲ್, ತಂತಿ, ಕೇಬಲ್ಲಿನ ಪಿನ್ನು, ಎಲ್ಲದರ ಮೇಲೂ. ಉಪ್ಪುಗಾಳಿ ಸೇರಿದರೆ ತುಕ್ಕು ಬೇಗ. ಗಿಟಾರ್ ತಂತಿ ತಣ್ಣಗಿದ್ದಾಗ ಶ್ರುತಿ ಮಾಡಿ ಆಮೇಲೆ ಬಿಸಿಯಾದರೆ, ಉಕ್ಕು ಹಿಗ್ಗಿ ಶ್ರುತಿ ಇಳಿಯುತ್ತದೆ. ಮರದ ನೆಕ್ ಕೂಡ ಪಸೆ ಹೀರಿ ಸ್ವಲ್ಪ ಬಾಗುತ್ತದೆ, ತಂತಿಯ ಎತ್ತರ ಬದಲಾಗುತ್ತದೆ. ನೆಕ್ಕಿನ ಬಾಗು ಸರಿಮಾಡುವ ಒಳಗಿನ ಕಂಬಿ, ಟ್ರಸ್ ರಾಡ್, ಅಂದರೇನು ಅಂತ ಅಣ್ಣನಿಗೆ ಗೊತ್ತಿಲ್ಲ. ಥಂಡಿಗೆ ಮದ್ದಳೆಯ ಚರ್ಮದ ಮುಚ್ಚಿಗೆಗೆ ಏನಾಗುತ್ತದೆ ಅಂತ ಗೊತ್ತು, ಅದು ಸಾಕಾಯಿತು. ಆ ಟೂರಿನಲ್ಲಿ ನನ್ನ ಬೇಸ್ ಶ್ರುತಿ ತಪ್ಪಿದ್ದು ತೀರಾ ಕಡಿಮೆ.

ಒಂದು ಎಚ್ಚರಿಕೆ. ಮಧ್ಯಾಹ್ನ ಬಿಸಿಲಲ್ಲಿ ಬಸ್ ಮುಚ್ಚಿಟ್ಟು ಊಟಕ್ಕೆ ಹೋಗಬೇಡಿ. ಹೋದರೂ ಗಿಟಾರ್ ತೆಗೆದುಕೊಂಡು ಹೋಗಿ. ಮುಚ್ಚಿದ ಬಸ್ಸಿನ ಶಾಖಕ್ಕೆ ಗಿಟಾರಿನ ಅಂಟು ಸಡಿಲವಾಗುತ್ತದೆ, ಅಕೌಸ್ಟಿಕ್ ಆದರೆ ತಂತಿ ಕಟ್ಟುವ ಬ್ರಿಡ್ಜ್ ಎದ್ದೇ ಬರಬಹುದು. ಕಾರವಾರದಲ್ಲಿ ನಾವು ಸರದಿಯ ಮೇಲೆ ಊಟ ಮಾಡಿದೆವು. ಬಂಗಡೆ ಫ್ರೈ, ತಿಸ್ರೆ ಸುಕ್ಕ, ಸೋಲ್ ಕಡಿ. ಇಬ್ಬರು ಹವ್ಯಕ ಹುಡುಗರು ಬೇರೆ ಖಾನಾವಳಿ ಹುಡುಕಿಕೊಂಡು ಹೋದರು. ಬಸ್ಸಿನೊಳಗೆ ಮೀನು ತರಬಾರದು ಅನ್ನುವುದು ಮಾಲೀಕರ ಶರತ್ತು, ನ್ಯಾಯವೇ. ಅಂಕೋಲಾದಲ್ಲಿ ಕೊಂಡ ಕರಿ ಇಶಾಡು ಮಾವಿನ ಬುಟ್ಟಿಗೆ ಮಾತ್ರ ಅಭ್ಯಂತರ ಇರಲಿಲ್ಲ.

ನಿದ್ದೆ ಬಗ್ಗೆ ಸ್ವಲ್ಪ ಹೆಚ್ಚು ಬರೆಯುತ್ತೇನೆ, ಇದು ನನ್ನ ಮನಸ್ಸಿಗೆ ತೀರಾ ಹತ್ತಿರದ ವಿಷಯ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್ನಿನಲ್ಲಿ ಅಮೆರಿಕದ ರಾಕ್ ಬ್ಯಾಂಡ್ ಮೆಟಾಲಿಕಾದ ಟೂರ್ ಬಸ್ ನಸುಕಿನಲ್ಲಿ ಮಗುಚಿತು. ಮಲಗಿದ್ದ ಬೇಸ್ ವಾದಕ ಕ್ಲಿಫ್ ಬರ್ಟನ್ ಕಿಟಕಿಯಿಂದ ಹೊರಗೆ ಎಸೆಯಲ್ಪಟ್ಟು ತೀರಿಕೊಂಡರು. ವಯಸ್ಸು 24. ನನ್ನಂತೆ ಬೇಸ್ ಹಿಡಿದವರಿಗೆಲ್ಲ ಆ ದಿನಾಂಕ ಬಾಯಿಪಾಠ. ವಿದೇಶದ ಸ್ಲೀಪರ್ ಟೂರ್ ಬಸ್ಸುಗಳಲ್ಲಿ ಕಾಲು ಮುಂದಕ್ಕೆ, ತಲೆ ಹಿಂದಕ್ಕೆ ಹಾಕಿ ಮಲಗಬೇಕು ಅನ್ನುವ ರೂಢಿ ಇದೆ. ಗಕ್ಕನೆ ಬ್ರೇಕ್ ಹಾಕಿದರೆ ಮುಂದಿನ ಗೋಡೆಗೆ ಕಾಲು ತಾಗಬೇಕು, ತಲೆಯಲ್ಲ. ನಮ್ಮದು ಸ್ಲೀಪರ್ ಅಲ್ಲ. ಆದರೂ ಸೀಟುಗಳ ನಡುವೆ ನೆಲದ ಮೇಲೆ ಚಾಪೆ ಹಾಸಿ ಉದ್ದಕ್ಕೆ ಮಲಗುವ ಹುಡುಗರು ಎಲ್ಲ ಬ್ಯಾಂಡಿನಲ್ಲೂ ಇರುತ್ತಾರೆ. ಓಡುವ ಬಸ್ಸಿನಲ್ಲಿ ಅದು ಬೇಡವೇ ಬೇಡ. ಸೀಟಿನಲ್ಲಿ ಕೂತು, ಬೆಲ್ಟ್ ಇದ್ದರೆ ಕಟ್ಟಿ ಮಲಗಿ. ಚಾಪೆ ನಿಂತ ಬಸ್ಸಿಗೆ. ಈ ಗಾಡಿಯಲ್ಲಿ ಸೀಟು ಹಿಂದಕ್ಕೆ ಚೆನ್ನಾಗಿ ಬಾಗುತ್ತದೆ, ಕುತ್ತಿಗೆ ನೋಯಲಿಲ್ಲ. ಎತ್ತರದವರಿಗೆ ಮಾತ್ರ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ.

ನಮ್ಮ ನಿದ್ದೆಗಿಂತ ಮುಖ್ಯ ಡ್ರೈವರ್ ನಿದ್ದೆ. ಶೋ ಹತ್ತಕ್ಕೆ ಮುಗಿದರೂ ಸಾಮಾನು ಕಟ್ಟಿ, ಊಟ ಮಾಡಿ, ಬಸ್ ಹೊರಡುವಾಗ ಹನ್ನೆರಡು. ಬೆಳಿಗ್ಗೆ ಎಂಟಕ್ಕೆ ಎದ್ದ ಡ್ರೈವರ್ ಆ ಹೊತ್ತಿಗೆ ಹದಿನಾರು ಗಂಟೆ ಎಚ್ಚರ ಇರುತ್ತಾನೆ. ಗಾಡಿ ಓಡಿದ್ದು ಬರೀ ಒಂದು ಗಂಟೆ ಇರಬಹುದು, ಮನುಷ್ಯ ದಣಿಯುವುದಕ್ಕೆ ಗಾಡಿ ಓಡಲೇಬೇಕು ಅಂತಿಲ್ಲ. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿರಾಮ ಅನ್ನುತ್ತಿತ್ತು. ಒಂದೇ ಗಾಡಿ ಇಟ್ಟುಕೊಂಡವರಿಗೆ ಆ ಕಾಯ್ದೆ ತಾಗದೆ ಇದ್ದಿರಬಹುದು. ಆದರೆ ದೇಹದ ಲೆಕ್ಕ ಎಲ್ಲರಿಗೂ ಒಂದೇ ಅಲ್ವಾ?

ಅಣ್ಣ ಮಾಡಿದ್ದು ಏನೆಂದರೆ, ಮಧ್ಯಾಹ್ನ ನಮ್ಮನ್ನು ಇಳಿಸಿ, ಬಾಗಿಲಿನ ಜವಾಬ್ದಾರಿ ನಮ್ಮ ಕೈಗೆ ಕೊಟ್ಟು, ಮುಂದಿನ ಸೀಟಿನಲ್ಲಿ ಮುಖಕ್ಕೆ ಬೈರಾಸು ಹಾಕಿ ಮೂರು ತಾಸು ಮಲಗುತ್ತಿದ್ದರು. ಆ ಹೊತ್ತಿನಲ್ಲಿ ಎಬ್ಬಿಸಬಾರದು ಅಂತ ಮೊದಲೇ ಹೇಳಿದ್ದರು. ರಾತ್ರಿ ಹನ್ನೆರಡಾದ ಮೇಲೆ ಘಟ್ಟ ಹತ್ತುವುದಿಲ್ಲ ಅಂತಲೂ ಹೇಳಿದ್ದರು. ಒಂದು ಕಡೆ ಆಯೋಜಕರು ಬ್ಯಾಂಡಿಗೆ ಮಾತ್ರ ರೂಮು ಮಾಡಿ, ಡ್ರೈವರ್ ಬಸ್ಸಿನಲ್ಲೇ ಮಲಗಲಿ ಅಂದರು. ನನಗೆ ತುಂಬಾ ಬೇಸರವಾಯಿತು. ಎಂಟು ಜನರ ಜೀವ ಅವರ ಕೈಯಲ್ಲಿ. ಅವರಿಗೆ ಒಂದು ಫ್ಯಾನು, ಒಂದು ಹಾಸಿಗೆ, ಒಂದು ಬಾತ್ರೂಮು ಕೊಡಲು ಆಗುವುದಿಲ್ಲ ಅಂದರೆ ಹೇಗೆ? ಆ ರಾತ್ರಿ ನಾವೇ ಖರ್ಚು ಹಾಕಿ ಬೇರೆ ರೂಮು ಮಾಡಿದೆವು. ಈಗ ಕಾರ್ಯಕ್ರಮ ಒಪ್ಪಿಕೊಳ್ಳುವ ಪತ್ರದಲ್ಲಿ ಡ್ರೈವರಿಗೆ ರೂಮು ಮತ್ತು ನಮ್ಮ ಜೊತೆಯಲ್ಲೇ ಊಟ ಅಂತ ಬರೆಸುತ್ತೇವೆ. ಉಳಿದ ಬ್ಯಾಂಡಿನವರೂ ಬರೆಸಿ ಅಂತ ಕೈಮುಗಿದು ಕೇಳುತ್ತೇನೆ.

ಓಡಿಸುವ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ದೂರು ಇಲ್ಲ. ಘಟ್ಟ ಇಳಿಯುವಾಗ ಎರಡನೇ ಗೇರಿನಲ್ಲೇ ಇಳಿಸಿದರು, ಬ್ರೇಕ್ ಕಾದ ವಾಸನೆ ಬರಲಿಲ್ಲ. ವಾಪಸ್ ಬರುವಾಗ ಅರಬೈಲ್ ಘಟ್ಟದಲ್ಲಿ ಗುಡುಗು ಮಳೆ ಸಿಕ್ಕಿತು. ಲಾರಿಗಳ ಸಾಲು. ಒಂದು ಸಲವೂ ತಿರುವಿನಲ್ಲಿ ಓವರ್‌ಟೇಕ್ ಮಾಡಲಿಲ್ಲ. ಯಲ್ಲಾಪುರದಲ್ಲಿ ನಿಲ್ಲಿಸಿ ಚಹಾ ಕುಡಿಸಿ ಶಿರಸಿಗೆ ತಂದರು. ಶಿರಸಿ-ಕುಮಟಾ ರಸ್ತೆ ಅಗಲ ಮಾಡುವ ಕೆಲಸಕ್ಕೆ ಆಗಾಗ ಬಂದ್ ಆಗುತ್ತದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ.

ದುಡ್ಡಿನ ಲೆಕ್ಕ ಹೇಗೆ ಮಾಡಿದೆವು ಅನ್ನುವುದು ಉಪಯೋಗಕ್ಕೆ ಬರುತ್ತದೆ. ಸಾಮಾನ್ಯವಾಗಿ ಹೊರ ಊರಿನ ಬಾಡಿಗೆಗೆ ದಿನಕ್ಕೆ ಕನಿಷ್ಠ 300 ಕಿಲೋಮೀಟರ್ ಅಂತ ಹಿಡಿಯುತ್ತಾರೆ, ಮೇಲೆ ಡ್ರೈವರ್ ಬಾಟಾ (ದಿನದ ಭತ್ಯೆ). ಬೆಂಗಳೂರಿಗೆ ಹೋಗುವವರಿಗೆ ಅದು ಸರಿ. ಅಂಕೋಲಾದಿಂದ ಕಾರವಾರಕ್ಕೆ 35 ಕಿಲೋಮೀಟರ್ ಹೋಗಿ ಇಡೀ ದಿನ ನಿಲ್ಲುವ ನಮಗೆ ಅದು ಪೂರ್ತಿ ನಷ್ಟ. ಹಾಗಾಗಿ ಮಾಲೀಕರ ಜೊತೆ ಕೂತು ದಿನಬಾಡಿಗೆ ಮಾತಾಡಿದೆವು. ಗಾಡಿಗೆ ದಿನಕ್ಕೆ ಇಷ್ಟು, ಡೀಸೆಲ್ ನಮ್ಮದು, ಬಾಟಾ ನೇರ ಡ್ರೈವರ್ ಕೈಗೆ. ಟ್ಯಾಂಕ್ ತುಂಬಿಸಿ ತೆಗೆದುಕೊಂಡು ತುಂಬಿಸಿ ಕೊಟ್ಟೆವು. ಎರಡೂ ಕಡೆಗೆ ಸಮಾಧಾನ ಆಯಿತು. ಕೇಳಿದರೆ ಒಪ್ಪುವ ಮಾಲೀಕರು ಇದ್ದಾರೆ. ಹಿಂಜರಿಯದೆ ಕೇಳಿ.

ಕೊರತೆಗಳೂ ಇವೆ. ಮುಖ್ಯವಾದದ್ದು ಕರೆಂಟು. ಒಳಗೆ ಸಣ್ಣ ಇನ್ವರ್ಟರ್ ಇದೆ, ಎರಡೇ ಸಾಕೆಟ್ಟು. ಮೊಬೈಲ್, ಲ್ಯಾಪ್‌ಟಾಪ್, ಪೆಡಲ್ ಬೋರ್ಡಿಗೆ ಸಾಕು. ಒಮ್ಮೆ ಇಸ್ತ್ರಿ ಪೆಟ್ಟಿಗೆ ಹಾಕಿದ ಕೂಡಲೇ ಬಂದ್ ಆಯಿತು. ನಿಂತ ಬಸ್ಸಿನಲ್ಲಿ ಬ್ಯಾಟರಿಯನ್ನು ಜಾಸ್ತಿ ಹೊತ್ತು ಹೀರಿದರೆ ರಾತ್ರಿ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಹಾಗಾಗಿ ಅಣ್ಣ ಸಂಜೆ ಏಳಕ್ಕೆ ಅದನ್ನು ಆಫ್ ಮಾಡುತ್ತಿದ್ದರು. ಸಾಮಾನಿಗೆ ಬೇರೆ ಬ್ಯಾಟರಿ ಹಾಕಿಸಿದರೆ ಈ ಬಸ್ಸಿಗೆ ಸಾಟಿ ಇರುವುದಿಲ್ಲ. ಮಾಲೀಕರಿಗೆ ಹೇಳಿದ್ದೇನೆ, ಮಳೆಗಾಲದಲ್ಲಿ ಮಾಡಿಸುತ್ತೇನೆ ಅಂದಿದ್ದಾರೆ.

ಒಳಗೆ ಬೆಳಕು ಬರೀ ನೀಲಿ ಬಣ್ಣದ್ದು. ಮದುವೆ ದಿಬ್ಬಣಕ್ಕೆ ಚಂದ ಇರಬಹುದು. ತಂತಿ ಬದಲಿಸಲು, ಹಾಡಿನ ಪಟ್ಟಿ ಓದಲು, ಕಾಡಿಗೆ ಹಚ್ಚಿಕೊಳ್ಳಲು ಅದರಲ್ಲಿ ಏನೂ ಕಾಣುವುದಿಲ್ಲ. ಒಂದೆರಡು ಬಿಳಿ ದೀಪ ಬೇಕೇ ಬೇಕು. ತಲೆಗೆ ಕಟ್ಟುವ ಟಾರ್ಚ್ ಒಯ್ಯಿರಿ.

ಮೇಲಿನ ಕ್ಯಾರಿಯರ್ ಗಟ್ಟಿ ಇದೆ, ತಾಡಪಾಲೂ ಇದೆ. ಬಟ್ಟೆ ಚೀಲಕ್ಕೆ ಸರಿ, ವಾದ್ಯ ಮಾತ್ರ ಅಲ್ಲಿ ಹಾಕಬೇಡಿ. ಶೌಚಾಲಯ ಮಿನಿ ಬಸ್ಸಿನಲ್ಲಿ ಇರುವುದೇ ಇಲ್ಲ. ಹೆದ್ದಾರಿಯ ಯಾವ ಪೆಟ್ರೋಲ್ ಬಂಕಿನಲ್ಲಿ ಹೆಂಗಸರ ಶೌಚಾಲಯ ಶುದ್ಧ ಇದೆ ಅಂತ ಅಣ್ಣನಿಗೆ ಗೊತ್ತಿತ್ತು, ಕೇಳುವ ಮುಂಚೆಯೇ ನಿಲ್ಲಿಸುತ್ತಿದ್ದರು. ಮೈದಾನಕ್ಕೆ ಹೋದ ಮೇಲೆ ಆಯೋಜಕರನ್ನೇ ಕೇಳಬೇಕು, ಅದನ್ನೂ ಮೊದಲೇ ಮಾತಾಡಿಕೊಳ್ಳಿ.

ಕಾರವಾರ ದಾಟಿ ಗೋವಾಕ್ಕೆ ಹೋಗುವವರಿದ್ದರೆ ಗಾಡಿಗೆ ಆಲ್ ಇಂಡಿಯಾ ಟೂರಿಸ್ಟ್ ಪರ್ಮಿಟ್ ಇದೆಯಾ ಅಂತ ಮೊದಲೇ ನೋಡಿ. ಈ ಬಸ್ಸಿಗೆ ರಾಜ್ಯದೊಳಗಿನ ಪರ್ಮಿಟ್ ಮಾತ್ರ ಇದೆ. ಮಾಜಾಳಿ ಗಡಿಯವರೆಗೆ ಸರಿ, ಆಚೆ ಇಲ್ಲ. 2024ರ ಆಗಸ್ಟಿನಲ್ಲಿ ಕಾರವಾರದ ಕಾಳಿ ನದಿಯ ಹಳೆ ಸೇತುವೆ ಕುಸಿದದ್ದು ಗೊತ್ತೇ ಇದೆ. ನದಿಯಾಚೆ ಸದಾಶಿವಗಡ ಕಡೆ ಶೋ ಇದ್ದವರು ಸ್ವಲ್ಪ ಹೊತ್ತು ಹೆಚ್ಚಿಗೆ ಇಟ್ಟುಕೊಂಡು ಹೊರಡಿ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಆದದ್ದು ಬ್ಯಾಟರಿಗೆ ಮತ್ತು ನೀಲಿ ದೀಪಕ್ಕೆ. ಬೇಕಾದವರು ನನ್ನನ್ನು ಕೇಳಿ, ಮಾಲೀಕರ ಒಪ್ಪಿಗೆ ತೆಗೆದುಕೊಂಡು ನಂಬರ್ ಕೊಡುತ್ತೇನೆ. ಫೋನ್ ಮಾಡುವಾಗ ಹಿಂದಿನ ಎರಡು ಸಾಲು ಸೀಟು ಬಿಚ್ಚಬೇಕು ಅಂತ ಮೊದಲೇ ಹೇಳಿ. ಬೋಲ್ಟು ತುಕ್ಕು ಹಿಡಿದಿರುತ್ತದೆ, ಬಿಚ್ಚಲು ಅವರಿಗೆ ಅರ್ಧ ದಿನ ಬೇಕು.